ಒಂದೇ ವಿಭಾಗದೊಳಗಿನ ಸಾಲನ್ನು, ಅದೂ ಮೌಲ್ಯ ಕಡಿಮೆಯಿದ್ದರೆ ಮಾತ್ರ, ಬದಲಾಯಿಸುವುದು ಹೇಗೆ?

ಪ್ರಶ್ನೆ

ನಮಸ್ಕಾರ. ಚೌಕ ಆವರಣದ ತಲೆಸಾಲುಗಳಿಂದ ವಿಭಾಗಗಳಾಗಿ ಒಡೆದಿರುವ ಒಂದು ಸೆಟ್ಟಿಂಗ್ಸ್ ಕಡತ ನನ್ನ ಬಳಿ ಇದೆ. ಅನುಕೂಲಕ್ಕಾಗಿ ಹೆಸರುಗಳನ್ನು ಕನ್ನಡದಲ್ಲಿಯೇ ಕೊಟ್ಟಿದ್ದೇನೆ:

[ಮುದ್ರಣ]
ಅವಧಿ=30
[ದಾಖಲೆ]
#ಅವಧಿ=15
ಅವಧಿ=30  # ಸೆಕೆಂಡುಗಳಲ್ಲಿ

ದಾಖಲೆ ವಿಭಾಗದ ಅವಧಿ 60ಕ್ಕಿಂತ ಕಡಿಮೆಯಿದ್ದರೆ ಅದನ್ನು 60 ಮಾಡಬೇಕು. ಉಳಿದ ವಿಭಾಗಗಳನ್ನೂ ಟಿಪ್ಪಣಿ ಸಾಲುಗಳನ್ನೂ ಮುಟ್ಟಬಾರದು. ಪಠ್ಯವನ್ನು ಸಾಲುಸಾಲಾಗಿ ತಿದ್ದುವ ಸೆಡ್ (sed) ಎಂಬ ಉಪಕರಣದ ಬದಲಾವಣೆ ಆಜ್ಞೆಯನ್ನು ಬಳಸಿ ನೋಡಿದೆ, ಆದರೆ ಅದು ಕಡತದಲ್ಲಿರುವ ಎಲ್ಲ ಅವಧಿಗಳನ್ನೂ, ಟಿಪ್ಪಣಿಯಲ್ಲಿದ್ದುದನ್ನೂ ಸೇರಿಸಿ, ಬದಲಾಯಿಸಿಬಿಟ್ಟಿತು.

ಉತ್ತರ 1

ಬದಲಾವಣೆ ಆಜ್ಞೆಗೆ ಮುಂಚೆ ವಿಳಾಸ (ಯಾವ ಸಾಲುಗಳು ಎಂಬ ಸೂಚನೆ) ಕೊಡದಿದ್ದರೆ ಸೆಡ್ ಅದನ್ನು ಪ್ರತಿಯೊಂದು ಸಾಲಿಗೂ ಅನ್ವಯಿಸುತ್ತದೆ. `/^\[ದಾಖಲೆ\]/,/^\[/` ಎಂಬ ವ್ಯಾಪ್ತಿಯನ್ನು ಮುಂದಿಟ್ಟರೆ, ದಾಖಲೆಯ ತಲೆಸಾಲಿನಿಂದ ಮುಂದಿನ ತಲೆಸಾಲಿನವರೆಗೆ ಮಾತ್ರ ಕೆಲಸ ನಡೆಯುತ್ತದೆ; ಅದು ಕೊನೆಯ ವಿಭಾಗವಾಗಿದ್ದರೆ ಕಡತದ ಅಂತ್ಯದವರೆಗೆ. ಹುಡುಕುವ ಮಾದರಿಯನ್ನು `^ಅವಧಿ=[0-9]*` ಎಂದು ಬರೆದರೆ, `^` ಚಿಹ್ನೆ ಸಾಲಿನ ಆರಂಭಕ್ಕೆ ಅಂಟಿಕೊಳ್ಳುವುದರಿಂದ, `#` ಇರುವ ಸಾಲುಗಳು ತಾವಾಗಿಯೇ ಹೊರಗುಳಿಯುತ್ತವೆ.

ಉತ್ತರ 2

ಮೇಲಿನ ಉತ್ತರ ಸರಿ, ಆದರೆ ಅದು ಪ್ರಶ್ನೆಯ ಅರ್ಧಕ್ಕೆ ಮಾತ್ರ ಉತ್ತರ. ಸೆಡ್‌ಗೆ ಅಕ್ಷರಗಳ ವಿನ್ಯಾಸ ಗೊತ್ತು, ಸಂಖ್ಯೆಯ ಬೆಲೆ ಗೊತ್ತಿಲ್ಲ. 90 ಇದ್ದರೂ ಅದು 60 ಮಾಡಿಬಿಡುತ್ತದೆ. 60ಕ್ಕಿಂತ ಕಡಿಮೆಯ ಸಂಖ್ಯೆಗಳನ್ನೆಲ್ಲ ಹಿಡಿಯುವ ಮಾದರಿಯನ್ನು ಹೆಣೆಯುವುದು ಸಾಧ್ಯವಾದರೂ, ನಾಳೆ ಮಿತಿ 75 ಆದಾಗ ಅದನ್ನು ತಿದ್ದುವವರ ಪಾಡು ಬೇಡ. ಮೌಲ್ಯವನ್ನು ಹೋಲಿಸಬೇಕಾದ ಕಡೆ ನಾನು ನೇರವಾಗಿ, ಸಾಲನ್ನು ಕ್ಷೇತ್ರಗಳಾಗಿ ಒಡೆದು ಲೆಕ್ಕವನ್ನೂ ಮಾಡಬಲ್ಲ ಆಕ್ (awk) ಎಂಬ ಉಪಕರಣಕ್ಕೆ ಹೋಗುತ್ತೇನೆ.

ಆದರೆ ಸೆಡ್‌ನ ವ್ಯಾಪ್ತಿಯನ್ನು ಹಾಗೆಯೇ ಆಕ್‌ಗೆ ಒಯ್ಯಬೇಡಿ. ಸೆಡ್ ಅಂತ್ಯದ ಮಾದರಿಯನ್ನು ಮುಂದಿನ ಸಾಲಿನಿಂದ ಹುಡುಕುತ್ತದೆ, ಆಕ್ ಆರಂಭದ ಸಾಲಿನಲ್ಲಿಯೇ ಹುಡುಕುತ್ತದೆ. `[ದಾಖಲೆ]` ಎಂಬ ಸಾಲು ಎರಡೂ ಮಾದರಿಗಳಿಗೆ ಹೊಂದುವುದರಿಂದ ವ್ಯಾಪ್ತಿ ತೆರೆದ ಸಾಲಿನಲ್ಲಿಯೇ ಮುಚ್ಚಿಕೊಳ್ಳುತ್ತದೆ, ಮತ್ತು ಏನೂ ಬದಲಾಗುವುದಿಲ್ಲ. ದೋಷಸಂದೇಶವೂ ಬರುವುದಿಲ್ಲವಾದ್ದರಿಂದ ಇದನ್ನು ಪತ್ತೆಹಚ್ಚಲು ನಾನೊಮ್ಮೆ ಒಂದಿಡೀ ಸಂಜೆ ಕಳೆದಿದ್ದೇನೆ. ಇದರ ಬದಲು, `[` ಚಿಹ್ನೆಯಿಂದ ಆರಂಭವಾಗುವ ಪ್ರತಿ ಸಾಲಿನಲ್ಲಿ `$0 == "[ದಾಖಲೆ]"` ಎಂಬ ಹೋಲಿಕೆಯ (`$0` ಎಂದರೆ ಇಡೀ ಸಾಲು) ಫಲವನ್ನು, ಅಂದರೆ 1 ಅಥವಾ 0 ಅನ್ನು, ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಕ್ಷೇತ್ರ ವಿಭಜಕವನ್ನು `=` ಮಾಡಿ (ಆಗ `=` ಚಿಹ್ನೆಗೆ ಮುಂಚಿನ ಭಾಗ `$1`, ನಂತರದ್ದು `$2`), ಆ ವೇರಿಯಬಲ್ 1 ಆಗಿರುವಾಗ `$1 == "ಅವಧಿ" && $2+0 < 60` ಎಂಬ ಷರತ್ತನ್ನು ಪರೀಕ್ಷಿಸಿ. ಟಿಪ್ಪಣಿ ಸಾಲಿನ `$1` ಎಂಬುದು `#ಅವಧಿ` ಆಗಿರುವುದರಿಂದ ಅದು ಹೊಂದುವುದಿಲ್ಲ.

ಆ `+0` ಅಲಂಕಾರಕ್ಕಲ್ಲ. ನಿಮ್ಮ ಸಾಲಿನ ಕೊನೆಯಲ್ಲಿ ಟಿಪ್ಪಣಿ ಇರುವುದರಿಂದ `$2` ಶುದ್ಧ ಸಂಖ್ಯೆಯಲ್ಲ. ಆಗ ಆಕ್ ಅಕ್ಷರಕ್ರಮದಲ್ಲಿ ಹೋಲಿಸುತ್ತದೆ, 1 ಎಂಬ ಅಂಕಿ 6ಕ್ಕಿಂತ ಮೊದಲು ಬರುವುದರಿಂದ 100 ಕೂಡ 60ಕ್ಕಿಂತ ಚಿಕ್ಕದಾಗುತ್ತದೆ. ಹಾಗೆಯೇ `$2 = 60` ಎಂದು ಬರೆಯಬೇಡಿ: ಕ್ಷೇತ್ರವೊಂದನ್ನು ಬದಲಾಯಿಸಿದೊಡನೆ ಆಕ್ ಇಡೀ ಸಾಲನ್ನು ಮರುಜೋಡಿಸುತ್ತದೆ, `=` ಇದ್ದ ಜಾಗದಲ್ಲಿ ಖಾಲಿ ಜಾಗ ಬರುತ್ತದೆ, ಟಿಪ್ಪಣಿಯೂ ಹೋಗುತ್ತದೆ. ಸಬ್ ಫಂಕ್ಷನ್‌ನಿಂದ `/[0-9]+/` ಎಂಬ ಮಾದರಿಯನ್ನು `"60"` ಮಾಡಿದರೆ ಮೊದಲ ಸಂಖ್ಯೆಯಷ್ಟೇ ಬದಲಾಗುತ್ತದೆ. ಕೊನೆಗೆ ಒಂಟಿ `1` ಅನ್ನು (ಪ್ರತಿ ಸಾಲನ್ನೂ ಮುದ್ರಿಸು ಎಂಬ ಸೂಚನೆ) ಇಡಲು ಮರೆತರೆ ಔಟ್‌ಪುಟ್ ಖಾಲಿಯಾಗಿರುತ್ತದೆ.

ಉತ್ತರ 3

ಒಂದು ಎಚ್ಚರಿಕೆ ಸೇರಿಸುತ್ತೇನೆ. ಆಕ್‌ನ ಔಟ್‌ಪುಟ್ಟನ್ನು `>` ಚಿಹ್ನೆಯಿಂದ ಅದೇ ಕಡತಕ್ಕೆ ತಿರುಗಿಸಬೇಡಿ. ಆಕ್ ಓದಲು ಆರಂಭಿಸುವ ಮೊದಲೇ ಶೆಲ್ (ನಮ್ಮ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಂ) ಆ ಕಡತವನ್ನು ಬರಿದು ಮಾಡಿರುತ್ತದೆ. ತಾತ್ಕಾಲಿಕ ಕಡತಕ್ಕೆ ಬರೆದು, `&&` ಹಾಕಿ, ಆಕ್ ಯಶಸ್ವಿಯಾದರೆ ಮಾತ್ರ ಮೂಲದ ಜಾಗಕ್ಕೆ ಸಾಗಿಸಿ. ಕಡತವನ್ನು ಇದ್ದ ಜಾಗದಲ್ಲಿಯೇ ತಿದ್ದುವ, ಸೆಡ್‌ನ ಹೈಫನ್-ಐ (`-i`) ಆಯ್ಕೆಯೂ ಒಳಗೊಳಗೆ ಹೊಸ ಕಡತ ಬರೆದು ಹೆಸರು ಬದಲಾಯಿಸುತ್ತದೆ, ಹೀಗಾಗಿ ಗ್ನೂ ಸೆಡ್‌ನಲ್ಲಿ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಆವೃತ್ತಿ) ಸಿಂಬಾಲಿಕ್ ಲಿಂಕ್ (ಬೇರೊಂದು ಕಡತವನ್ನು ತೋರಿಸುವ ಕೊಂಡಿ) ಇದ್ದ ಜಾಗದಲ್ಲಿ ಸಾಮಾನ್ಯ ಕಡತ ಕುಳಿತುಬಿಡುತ್ತದೆ. ಮ್ಯಾಕ್‌ನಲ್ಲಿ ಆ ಆಯ್ಕೆಯ ನಂತರ ಬ್ಯಾಕಪ್ ಪ್ರತ್ಯಯವನ್ನು, ಖಾಲಿಯಾದರೂ ಸರಿ, ಕೊಡಲೇಬೇಕು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಎರಡನೆಯ ಉತ್ತರದ ವಿಧಾನ ಕೆಲಸ ಮಾಡಿತು. ಕೆಲವು ಕಡತಗಳಲ್ಲಿ `ಅವಧಿ = 30` ಎಂದು ಜಾಗ ಬಿಟ್ಟು ಬರೆದಿದ್ದರಿಂದ `$1` ಹೊಂದುತ್ತಿರಲಿಲ್ಲ; ವಿಭಜಕವನ್ನು `" *= *"` ಎಂದು ಬದಲಾಯಿಸಿದ ಮೇಲೆ ಅವೂ ಸರಿಹೋದವು.