‘ಕಾಂಡಕೋಶ’, ‘ದುಗ್ಧಗ್ರಂಥಿ’, ‘ಕಸಿ’: ಈ ಮೂರು ಪದಗಳ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಲಿಂಫೋಮಾ (ಮೈಯಲ್ಲಿ ಲಿಂಫ್ ಎಂಬ ರಸ ಹರಿಯುವ ಗಂಟುಗಳಲ್ಲಿ ಹುಟ್ಟುವ ಕ್ಯಾನ್ಸರ್) ಚಿಕಿತ್ಸೆಗೆ ಬಂದವರ ಮನೆಮಂದಿಗಾಗಿ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಫ್ರಾನ್ಸಿನ ಲಿಯೋನ್ ನಗರದ ವೈದ್ಯ ಥಿಯೆರಿ ಫಿಲಿಪ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅದರಲ್ಲಿ ಹೇಳಲೇಬೇಕು. ಒಮ್ಮೆ ಹೋಗಿ ಮತ್ತೆ ಮರುಕಳಿಸಿದ, ನಾನ್-ಹಾಡ್ಜ್‌ಕಿನ್ ಎಂಬ ಬಗೆಯ ಲಿಂಫೋಮಾ. ಕೀಮೋಗೆ ಇನ್ನೂ ಬಗ್ಗುತ್ತಿದ್ದ 109 ಮಂದಿ. ಸುಮಾರು ಅರ್ಧದಷ್ಟು ಜನಕ್ಕೆ ಎಂದಿನ ಕೀಮೋ ಮುಂದುವರಿಸಿದರು. ಉಳಿದವರ ಅಸ್ಥಿಮಜ್ಜೆಯನ್ನು ತೆಗೆದಿಟ್ಟು, ಬಹಳ ಹೆಚ್ಚಿನ ಪ್ರಮಾಣದ ಕೀಮೋ ಕೊಟ್ಟು, ಆಮೇಲೆ ಅದೇ ಮಜ್ಜೆಯನ್ನು ಅವರಿಗೇ ಮರಳಿಸಿದರು. ಐದು ವರ್ಷದ ಹೊತ್ತಿಗೆ ಬದುಕಿರುವವರ ಲೆಕ್ಕ ಮೊದಲ ಗುಂಪಿನಲ್ಲಿ ನೂರಕ್ಕೆ 32, ಎರಡನೆಯದರಲ್ಲಿ 53. ಇಷ್ಟನ್ನು ಕನ್ನಡದಲ್ಲಿ ಬರೆಯಲು ಕೂತಾಗ ಪದಗಳೇ ಅಡ್ಡ ನಿಂತವು.

ಮೊದಲು ‘ದುಗ್ಧಗ್ರಂಥಿ’. ನಮ್ಮ ಚಿಕ್ಕಪ್ಪನಿಗೆ ಇದೇ ಕಾಯಿಲೆ ಬಂದಾಗ ‘ದುಗ್ಧಗ್ರಂಥಿಯ ಕ್ಯಾನ್ಸರ್’ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ದುಗ್ಧ ಎಂದರೆ ಹಾಲು ಅಂತ ಯಾರೋ ಬಿಡಿಸಿ ಹೇಳಿದ ಮೇಲೆ ಚಿಕ್ಕಮ್ಮ ತಿಂಗಳುಗಟ್ಟಲೆ ಅವರಿಗೆ ಹಾಲು, ಮೊಸರು ಕೊಡಲಿಲ್ಲ. ಲ್ಯಾಟಿನ್ನಿನ ‘ಲಿಂಫಾ’ ಎಂದರೆ ತಿಳಿನೀರು. ಹಾಲಿನ ಹೋಲಿಕೆ ಹೊಂದುವುದು ಕರುಳಿನ ನಾಳಗಳಿಗೆ ಮಾತ್ರ: 1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ, ಆಗಷ್ಟೇ ಉಂಡಿದ್ದ ನಾಯಿಯೊಂದರ ಹೊಟ್ಟೆ ಸೀಳಿ ನೋಡಿದಾಗ ಕಂಡ ಬಿಳಿಯ ಎಳೆಗಳು. ಆ ಬಿಳುಪು ಊಟದ ಕೊಬ್ಬಿನದು. ಕುತ್ತಿಗೆ, ಕಂಕುಳಲ್ಲಿ ಹರಿಯುವ ರಸ ಹಾಲಿನಂತಿರುವುದಿಲ್ಲ. 1832ರಲ್ಲಿ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಏಳು ರೋಗಿಗಳ ವಿವರ ಬರೆದಾಗ ಈ ಗಂಟುಗಳನ್ನು ಕರೆದದ್ದು ‘ಹೀರುವ ಗ್ರಂಥಿಗಳು’ ಎಂದು. ಹಿಂದಿಯವರು ಆಯುರ್ವೇದದ ‘ಲಸೀಕಾ’ ಹಿಡಿದರು. ನಾವು ಹಾಲಿಗೇ ಅಂಟಿಕೊಂಡಿದ್ದೇವೆ. ಕೈಪಿಡಿಯಲ್ಲಿ ‘ಲಿಂಫ್ ಗಂಟು’ ಎಂದು ಬರೆದರೆ ತಪ್ಪಾಗುತ್ತದೆಯೇ?

ನನ್ನ ಮುಖ್ಯ ಪ್ರಶ್ನೆ, ಮಜ್ಜೆಯಲ್ಲಿದ್ದು ರಕ್ತಕಣಗಳನ್ನು ಹುಟ್ಟಿಸುವ ಸ್ಟೆಮ್ ಸೆಲ್‌ನದು. ಕಾಂಡಕೋಶ, ಮೂಲಕೋಶ, ಆಕರಕೋಶ ಮೂರೂ ಪತ್ರಿಕೆಗಳಲ್ಲಿವೆ. ‘ಕಾಂಡ’ ಎಂಬುದು ಇಂಗ್ಲಿಷ್ ಪದದ ನೇರ ಅನುವಾದ, ಆದರೆ ಆ ಇಂಗ್ಲಿಷೇ ಜರ್ಮನ್ನಿನ ಅನುವಾದ. 1868ರಲ್ಲಿ ಅರ್ನ್ಸ್ಟ್ ಹೆಕೆಲ್ ‘ಷ್ಟಾಮ್‌ತ್ಸೆಲ್ಲೆ’ ಎಂದು ಬರೆದದ್ದು ಎಲ್ಲ ಬಹುಕೋಶ ಜೀವಿಗಳ ಪೂರ್ವಜನಾದ ಒಂಟಿ ಕೋಶಕ್ಕೆ. ಜರ್ಮನ್ ‘ಷ್ಟಾಮ್’ ಮರದ ಬೊಡ್ಡೆಯೂ ಹೌದು, ಕುಲವೂ ಹೌದು. ಅವರು ವಂಶವೃಕ್ಷಕ್ಕೆ ‘ಷ್ಟಾಮ್‌ಬಾಮ್’ ಎನ್ನುತ್ತಾರೆ. ಈ ಎರಡೂ ಅರ್ಥ ಒಟ್ಟಿಗೆ ಇರುವ ಪದ ಕನ್ನಡದಲ್ಲೇ ಇದೆ: ಬುಡ. ಗಿಡದ ಬುಡ, ಬುಡಕಟ್ಟು. ‘ಕಾಂಡ’ದಲ್ಲಿ ಕುಲದ ಅರ್ಥವಿಲ್ಲ, ರಾಮಾಯಣದ ಕಾಂಡ, ಹತ್ಯಾಕಾಂಡಗಳೇ ಮೊದಲು ನೆನಪಾಗುತ್ತವೆ. ‘ಮೂಲ’ ಎಂದರೆ ನಮ್ಮ ಕಡೆ ಮೂಲವ್ಯಾಧಿ. ‘ಆಕರ’ ಓದಿದವರಿಗಷ್ಟೇ ತಿಳಿಯುತ್ತದೆ. ‘ತಾಯಿಬೇರು’, ‘ತಾಯಿಗಿಡ’ದ ದಾರಿಯಲ್ಲಿ ‘ತಾಯಿಕೋಶ’ ಎನ್ನೋಣವೆಂದರೆ ಪಠ್ಯಪುಸ್ತಕದ ಮಾತೃಕೋಶಕ್ಕೆ (ಒಡೆದು ಎರಡಾಗುವ ಕೋಶ) ತಾಕುತ್ತದೆ, ಅದು ಬೇರೆಯೇ ಸಂಗತಿ.

ಹೀಗೆ ಮಜ್ಜೆಯನ್ನು ಮರಳಿಸುವುದಕ್ಕೆ ಹೇಳುವ ‘ಕಸಿ’ಯೂ ತೊಡಕೇ. ಕಸಿ ಎಂದೊಡನೆ ಕತ್ತಿ, ಹೊಲಿಗೆ, ಆಪರೇಷನ್ ಎಂದು ಜನ ಹೆದರುತ್ತಾರೆ. ಈಗ ಬಹುಪಾಲು ಸಂದರ್ಭಗಳಲ್ಲಿ ಮಜ್ಜೆಗಾಗಿ ಮೂಳೆಯನ್ನೂ ಕೊರೆಯುವುದಿಲ್ಲ. ಚುಚ್ಚುಮದ್ದು ಕೊಟ್ಟು ಸ್ಟೆಮ್ ಸೆಲ್‌ಗಳನ್ನು ರಕ್ತಕ್ಕೆ ಇಳಿಸಿ, ಯಂತ್ರದಲ್ಲಿ ಸೋಸಿ, ಶೀತಲದಲ್ಲಿ ಕಾಪಿಟ್ಟು, ಕೀಮೋ ಆದ ಮೇಲೆ ರಕ್ತ ಏರಿಸಿದ ಹಾಗೆಯೇ ಏರಿಸುತ್ತಾರೆ. ಅವು ತಾವೇ ಮೂಳೆಯೊಳಗೆ ಹೋಗಿ ನೆಲೆಸುತ್ತವೆ. ಎರಡು ವಾರದ ಆಸುಪಾಸಿನಲ್ಲಿ ಹೊಸ ರಕ್ತಕಣ ಕಾಣತೊಡಗುತ್ತವೆ. ಇಲ್ಲಿ ಕತ್ತರಿಸಿ ಕೂಡಿಸುವುದು ಏನೂ ಇಲ್ಲ.

ಡಾಕ್ಟರು ಇದನ್ನೆಲ್ಲ ವಿವರಿಸಿದ ದಿನ ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: “ಅಂದ್ರೆ ಹೆಪ್ಪಿಗೆ ಒಂದಿಷ್ಟು ಎತ್ತಿಟ್ಕೊಂಡ ಹಾಗೆ, ಅಲ್ವಾ?” ನನಗೆ ಅದಕ್ಕಿಂತ ಸರಿಯಾದ ವಿವರಣೆ ಇದುವರೆಗೆ ಸಿಕ್ಕಿಲ್ಲ. ಒಂದು ಚಮಚ ಹೆಪ್ಪು ಇಡೀ ಪಾತ್ರೆಯ ಹಾಲನ್ನು ಮೊಸರು ಮಾಡುತ್ತದೆ, ನಾಳೆಯ ಹೆಪ್ಪೂ ಅದರಲ್ಲೇ ಉಳಿಯುತ್ತದೆ. ಸ್ಟೆಮ್ ಸೆಲ್ ಕೂಡ ಹಾಗೆಯೇ, ಬೇರೆ ಕಣಗಳನ್ನೂ ಕೊಡುತ್ತದೆ, ತನ್ನಂಥದ್ದನ್ನೂ ಉಳಿಸಿಕೊಳ್ಳುತ್ತದೆ. ಕಾಂಡ, ಮೂಲ, ಆಕರ ಮೂರರಲ್ಲೂ ಈ ಎರಡನೆಯ ಗುಣದ ಸುಳಿವಿಲ್ಲ.

ಆದರೆ ‘ಹೆಪ್ಪುಕೋಶ’ ಎಂದು ಬರೆದು ನೋಡಿ ಅಳಿಸಿದೆ. ರಕ್ತದ ವಿಷಯದಲ್ಲಿ ‘ಹೆಪ್ಪು’ ಎಂದರೆ ಗರಣೆಗಟ್ಟುವುದು; ಓದುವವರು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಎಂದುಕೊಂಡರೆ ಅಪಾಯ. ‘ಬುಡಕೋಶ’ ಸದ್ಯಕ್ಕೆ ಕರಡಿನಲ್ಲಿದೆ, ಜೊತೆಗೆ ‘ಸ್ಟೆಮ್ ಸೆಲ್’ ಎಂದೂ ಬರೆದಿದ್ದೇನೆ, ಆಸ್ಪತ್ರೆಯಲ್ಲಿ ಕಿವಿಗೆ ಬೀಳುವುದು ಅದೇ.

ಬಿತ್ತನೆಗೆಂದು, ಹೆಪ್ಪಿಗೆಂದು, ಮರುಬಳಕೆಗೆಂದು ತೆಗೆದಿಡುವ ಪಾಲಿಗೆ ನಿಮ್ಮ ಊರಿನಲ್ಲಿ ಬೇರೆ ಹೆಸರಿದೆಯೇ? ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರು ದಯವಿಟ್ಟು ತಿಳಿಸಿ. ‘ಕಸಿ’ಯ ಬದಲು ‘ಮರಳಿ ತುಂಬುವುದು’ ಎಂದರೆ ನಿಮಗೆ ಹೇಗೆ ಕೇಳಿಸುತ್ತದೆ ಎಂಬುದನ್ನೂ.