ಮಗು ರಂಪ ಮಾಡುವಾಗ ‘ಏನನ್ನಿಸ್ತಿದೆ?’ ಅಂತ ಕೇಳಬೇಕೇ?

ಸಂಜೆಮಲ್ಲಿಗೆ:
ಭಾವನೆಗೆ ಹೆಸರಿಟ್ಟರೆ ಅದರ ಕಾವು ಇಳಿಯುತ್ತೆ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ 30 ಜನರ ಮಿದುಳು ಸ್ಕ್ಯಾನ್ ಮಾಡಿತ್ತು. ಸಿಟ್ಟಿನ, ಭಯದ ಮುಖಗಳಿಗೆ ಭಾವನೆಯ ಹೆಸರು ಹೊಂದಿಸುವಾಗ ಅಮಿಗ್ಡಲಾದ, ಅಂದರೆ ಭಯ-ಅಪಾಯಕ್ಕೆ ಸ್ಪಂದಿಸುವ ಮಿದುಳಿನ ಭಾಗದ, ಚಟುವಟಿಕೆ ತಗ್ಗಿತ್ತು. ಹಾಗಾಗಿ ಗೋಡೆ ಮೇಲೊಂದು ಭಾವನೆಗಳ ಚಾರ್ಟ್ ಇರಲಿ. ನಾಲ್ಕೈದು ವರ್ಷದ ಮಗುವಿಗೆ ಖುಷಿ, ಸಿಟ್ಟು, ಹೆದರಿಕೆ, ಬೇಜಾರು ಇಷ್ಟೇ ಸಾಕು. ಎಂಟಾಗುವ ಹೊತ್ತಿಗೆ 10-12 ಪದ. ಪಕ್ಕದಲ್ಲಿ ಭಾವನೆ ಎಷ್ಟು ಜೋರಾಗಿದೆ ಅಂತ ತೋರಿಸೋಕೆ 0ಯಿಂದ 10ರವರೆಗಿನ ಥರ್ಮಾಮೀಟರ್ ಚಿತ್ರ. ಮಗು ಕಿರುಚಲು ಶುರು ಮಾಡಿದ ಕೂಡಲೇ ಕೇಳಿ: “ಏನನ್ನಿಸ್ತಿದೆ? ಎಷ್ಟರಲ್ಲಿದೆ?” ದೊಡ್ಡವರಿಗೂ ಇದೇ ವಿಧಾನ.

ಅಂಕಿಕೋಲು:
“ಕಿರುಚಲು ಶುರು ಮಾಡಿದ ಕೂಡಲೇ”. ಎಡವಿದ್ದು ಇಲ್ಲೇ ಮೇಡಂ. ಆ ಸ್ಕ್ಯಾನರ್‌ನಲ್ಲಿ ಮಲಗಿದ್ದವರು ದೊಡ್ಡವರು, ಸಮಾಧಾನವಾಗಿ ಫೋಟೋ ನೋಡ್ತಿದ್ದವರು. ನೆಲದ ಮೇಲೆ ಹೊರಳಾಡ್ತಿರೋ ಮೂರು ವರ್ಷದ ಮಗು ಅಲ್ಲ. ನಿಮ್ಮ ಥರ್ಮಾಮೀಟರಿನಲ್ಲಿ 8 ದಾಟಿದ ಮೇಲೆ ಪ್ರಶ್ನೆ ಕೇಳಿದರೆ ಅದೂ ಒಂದು ಕಿರಿಕಿರಿಯೇ. ಆಗ ಮಾಡಬೇಕಾದ್ದು ಬೇರೆ. ಮಗುವಿನ ಎತ್ತರಕ್ಕೆ ಕೂತ್ಕೊಳ್ಳಿ, ನೇರ ಎದುರಿಗಲ್ಲ, ಸ್ವಲ್ಪ ಪಕ್ಕಕ್ಕೆ. ಕೈ ಎತ್ತಿದರೆ ಹಿಡಿದು “ಹೊಡೆಯೋಕೆ ಬಿಡಲ್ಲ” ಅನ್ನಿ, ಅಷ್ಟೇ, ಭಾಷಣ ಬೇಡ. ನಿಮ್ಮ ಉಸಿರು ನಿಧಾನವಾಗಲಿ, ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಲಿ. ಕಿರುಚಾಟ ಬಿಕ್ಕಳಿಕೆಗೆ ಇಳಿದು, ಮುಷ್ಟಿ ಸಡಿಲಾಗಿ, ಮಗು ನಿಮ್ಮ ಕಡೆ ನೋಡಿದ ಮೇಲೆ ಹೆಸರು. ಅದೂ ಪ್ರಶ್ನೆಯಾಗಿ ಅಲ್ಲ, ಊಹೆಯಾಗಿ: “ಕಟ್ಟಿದ್ದು ಬಿದ್ದುಹೋಯ್ತು ಅಂತ ಸಿಟ್ಟು ಬಂತೇನೋ.” ತಪ್ಪಿದ್ದರೆ ಮಗುವೇ ತಿದ್ದುತ್ತೆ.

ಅಂದಹಾಗೆ 2021ರಲ್ಲಿ ಎರಿಕ್ ನೂಕ್ ತಂಡದ ಪ್ರಯೋಗದಲ್ಲಿ, ಮೊದಲು ಹೆಸರಿಟ್ಟುಬಿಟ್ಟರೆ ಆಮೇಲೆ ಅದನ್ನೇ ಬೇರೆ ದೃಷ್ಟಿಯಿಂದ ನೋಡಿ ಸಮಾಧಾನ ಮಾಡಿಕೊಳ್ಳೋದು ಕಷ್ಟವಾಗಿತ್ತು. ಹೆಸರು ಭಾವನೆಯನ್ನು ಹೆಪ್ಪುಗಟ್ಟಿಸುತ್ತೆ ಅನ್ನೋದು ಅವರ ವಿವರಣೆ. ಇದನ್ನ ಯಾಕೋ ಯಾರೂ ಹೇಳಲ್ಲ.

ಪದಕಮ್ಮಟ:
ಚಾರ್ಟಿನಲ್ಲಿ “ಬೇಜಾರು” ಯಾಕೆ ಸ್ವಾಮಿ? ಆಡೋಕೆ ಯಾರೂ ಇಲ್ಲ, ಬೇಜಾರು. ಗೆಳತಿ ಮಾತು ಬಿಟ್ಟಳು, ಬೇಜಾರು. ಅದೇ ಪಾಠ ಮೂರನೇ ಸಲ, ಬೇಜಾರು. ನೀವು ಬೈದಿರಿ, ಅದಕ್ಕೂ ಬೇಜಾರು. ಒಂದಕ್ಕೆ ಜೊತೆ ಬೇಕು, ಇನ್ನೊಂದಕ್ಕೆ ರಾಜಿ, ಮತ್ತೊಂದಕ್ಕೆ ಬೇರೆ ಕೆಲಸ. ಅದು ಭಾವನೆಯಲ್ಲ, ಗೋಣಿಚೀಲ. “ದುಃಖ” ಅಂತ ಬರೀರಿ.

ಸಂಜೆಮಲ್ಲಿಗೆ:
“ಅಮ್ಮಾ, ನನಗೆ ದುಃಖವಾಗಿದೆ” ಅಂತ ಯಾವ ಐದು ವರ್ಷದ ಮಗು ಹೇಳುತ್ತೆ ಸರ್? ಅದು ನಾಟಕದ ಡೈಲಾಗ್. ಮಗುವಿನ ಬಾಯಲ್ಲಿರೋ ಪದದಿಂದಲೇ ಶುರು ಮಾಡಬೇಕು.

ಅಂಕಿಕೋಲು ಅವರೇ, 2012ರ ಜೇಡದ ಪ್ರಯೋಗ ಮರೆತ್ರಾ? ಜೇಡಕ್ಕೆ ಹೆದರುವ 88 ಜನ. ಭಯವನ್ನ ಮಾತಲ್ಲಿ ಹೇಳಿಕೊಂಡೇ ಜೇಡದ ಹತ್ತಿರ ಹೋದವರ ಚರ್ಮದ ಬೆವರಿನ ಪ್ರತಿಕ್ರಿಯೆ, ಅಂದರೆ ಮೈಯ ಉದ್ವೇಗದ ಗುರುತು, ವಾರದ ನಂತರ ಕಡಿಮೆ ಇತ್ತು.

ಅಂಕಿಕೋಲು:
ಬೆವರು ಕಡಿಮೆಯಾಯ್ತು, ಸರಿ. “ಎಷ್ಟು ಹೆದರಿಕೆ?” ಅಂತ ಕೇಳಿದಾಗ ಬೇರೆ ಗುಂಪಿನವರಿಗೂ ಇವರಿಗೂ ವ್ಯತ್ಯಾಸ ಇರಲಿಲ್ಲ. ಆ ಸಾಲು ಬಿಟ್ಟಿರಿ.

ಕಟ್ಟೆಮಾತು:
ಯಾವ ಪದ ಆದ್ರೇನ್ ಗುರು, ಭಾವನೆ ಮೈಯಲ್ಲಿರೋದೇ 90 ಸೆಕೆಂಡು. ಕಾದ್ರೆ ಮುಗೀತು. ತಡೆಯಕ್ಕಾಗ್ಲಿಲ್ಲ ಅಂದ್ರೆ ದಿಂಬಿಗೆ ನಾಲ್ಕು ಗುದ್ದಲಿ, ಒಳಗಿರೋದು ಹೊರಗೆ ಹೋಗುತ್ತೆ.

ಅಂಕಿಕೋಲು:
2015ರಲ್ಲಿ ಫಿಲಿಪ್ ವರ್ಡೈನ್ ಮತ್ತು ಸಹಲೇಖಕಿ 27 ಭಾವನೆಗಳ ಅವಧಿ ಹೋಲಿಸಿದರು. ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ದುಃಖ, ಅದೂ ದಿನಗಟ್ಟಲೆ. ಕಾರಣ ದೊಡ್ಡದಾಗಿದ್ದು, ಮನಸ್ಸು ಅದನ್ನೇ ಮೆಲುಕು ಹಾಕ್ತಿದ್ರೆ ಭಾವನೆ ಉಳಿಯುತ್ತೆ. 90 ಸೆಕೆಂಡು ಅನ್ನೋದನ್ನ ಎಲ್ಲ ಭಾವನೆಗೂ ಅಂಟಿಸಬೇಡಿ. ಇನ್ನು ದಿಂಬು: 2002ರಲ್ಲಿ ಬ್ರಾಡ್ ಬುಶ್‌ಮನ್ 600 ವಿದ್ಯಾರ್ಥಿಗಳ ಮೇಲೆ ಪರೀಕ್ಷೆ ಮಾಡಿದರು. ಸಿಟ್ಟು ಬರಿಸಿದವನನ್ನ ನೆನೆಸಿಕೊಂಡು ಚೀಲಕ್ಕೆ ಗುದ್ದಿದವರಿಗೇ ಹೆಚ್ಚು ಸಿಟ್ಟಿತ್ತು. ಸುಮ್ಮನೆ ಕೂತವರೇ ವಾಸಿ.

ಪದಕಮ್ಮಟ:
“ಹೆಚ್ಚು ಹೊತ್ತು ನಿಂತದ್ದು ದುಃಖ”. ನೋಡಿ, ನೀವೂ ಬೇಜಾರು ಅನ್ನಲಿಲ್ಲ!

ಅಂಕಿಕೋಲು:
ನಾನು ಪದದ ಜಗಳಕ್ಕೆ ಬಂದಿಲ್ಲ. ಆದರೂ ಹೇಳ್ತೀನಿ, ಅದೇ ಪಟ್ಟಿಯಲ್ಲಿ ‘ಏನೂ ಮಾಡೋಕಿಲ್ಲ’ ಅನ್ನೋ ಬೇಜಾರು ಬೇರೆಯಾಗೇ ಇತ್ತು. ಅದು ಬೇಗ ಮುಗಿಯೋ ಸಾಲಿಗೆ ಸೇರಿತ್ತು.

ಪದಕಮ್ಮಟ:
ಅಂದರೆ ದಿನಗಟ್ಟಲೆ ಇರೋದೂ ಬೇಗ ಮುಗಿಯೋದೂ ಒಂದೇ ಚೀಲದಲ್ಲಿ! ಸಾಬೀತಾಯ್ತು.

ಹೊಂಗೆನೆರಳು:
ಚೀಲ ಇರಲಿ ಬಿಡಿ, ಬಿಚ್ಚಿ ನೋಡೋದು ಕಲಿಸಿ. ಮಗು “ಬೇಜಾರು” ಅಂದಾಗ ಎರಡೇ ಮಾತು ಕೇಳಿ. ಒಂದು, “ಏನಾದ್ರೂ ಮಾಡಬೇಕು ಅನ್ಸುತ್ತಾ, ಏನೂ ಬೇಡ ಅನ್ಸುತ್ತಾ?” ಎರಡು, “ಯಾರ ಮೇಲಾದ್ರೂನಾ?” ಮಾಡಬೇಕು ಅಂದರೆ ಹೊತ್ತು ಹೋಗ್ತಿಲ್ಲ. ಏನೂ ಬೇಡ ಅಂದರೆ ದುಃಖ. ಯಾರದೋ ಹೆಸರು ಬಂದರೆ ನೊಂದಿದೆ, ಇಲ್ಲ ಮುನಿಸಿಕೊಂಡಿದೆ. ಮುಖ ನೋಡಿ ಮಾತ್ರ ತೀರ್ಮಾನಿಸಬೇಡಿ, ಹುಬ್ಬು ಗಂಟಿಕ್ಕಿದ ಮಗು ಬರೀ ಯೋಚನೆ ಮಾಡ್ತಿರಬಹುದು.

ದೊಡ್ಡವರಲ್ಲಿ ಕೆಲವರಿಗೆ ಪದವೇ ಸಿಗಲ್ಲ. ಇದಕ್ಕೆ ಅಲೆಕ್ಸಿಥೈಮಿಯಾ ಅಂತ ಪೀಟರ್ ಸಿಫ್ನಿಯೋಸ್ 1973ರಲ್ಲೇ ಹೆಸರು ಕೊಟ್ಟಿದ್ದರು. ಅಂಥವರು ಮೈಯಿಂದ ಶುರು ಮಾಡಲಿ: ದವಡೆ ಬಿಗಿ ಇದೆಯಾ, ಹೊಟ್ಟೆ ಹೇಗಿದೆ, ಎದೆ ಹೊಡ್ಕೊಳ್ತಿದೆಯಾ, ಸ್ವಲ್ಪ ಮುಂಚೆ ಏನಾಯ್ತು. ದಿನಕ್ಕೆ ಮೂರು ಸಲ ಒಂದೊಂದು ಸಾಲು ಬರೆದರೆ ಸಾಕು. ಚಾರ್ಟಿನಲ್ಲಿ “ಗೊತ್ತಾಗ್ತಿಲ್ಲ” ಅನ್ನೋದಕ್ಕೂ ಜಾಗ ಇರಲಿ. ಇಲ್ಲದಿದ್ದರೆ ನೀವು ಮೆಚ್ಚೋ ಉತ್ತರ ಹುಡುಕಿ ಹೇಳ್ತಾರೆ, ಮಕ್ಕಳೂ ಅಷ್ಟೇ.

ಪದಕಮ್ಮಟ:
“ಪದವೇ ಸಿಗಲ್ಲ” ಅಂತೆ! ಕನ್ನಡದಲ್ಲಾ? ಅಳುಕು, ದಿಗಿಲು, ಕಳವಳ, ತಳಮಳ ಬೇರೆಬೇರೆ. ಅಳುಕು ಏನೋ ಮಾಡೋಕೆ ಮುಂಚೆ, ದಿಗಿಲು ಇದ್ದಕ್ಕಿದ್ದಂತೆ. ಸಿಟ್ಟು ಯಾರ ಮೇಲಾದರೂ ಬರುತ್ತೆ, ಮುನಿಸು ಹತ್ತಿರದವರ ಮೇಲೆ ಮಾತ್ರ. ಇಷ್ಟಿದ್ದೂ ಬೇಜಾರಿಗೇ ಜೋತುಬಿದ್ದರೆ ಏನು ಹೇಳೋದು.

ಸಂಜೆಮಲ್ಲಿಗೆ:
ನಾವಿಲ್ಲಿ ನಿಘಂಟು ಮಾಡ್ತಿಲ್ಲ ಸರ್!! ಅಲೆಕ್ಸಿಥೈಮಿಯಾ ಅಂದರೆ ನಿಘಂಟಿನಲ್ಲಿ ಪದ ಇಲ್ಲ ಅಂತಲ್ಲ. ಒಳಗೆ ಆಗ್ತಿರೋದಕ್ಕೆ ಯಾವ ಪದ ಅಂತ ತಿಳಿಯದೇ ಇರೋದು. ಓದಿ ಬರೀರಿ.

ಕಟ್ಟೆಮಾತು:
“ಸುಮ್ಮನೆ ಕೂತವರೇ ವಾಸಿ” ಅಂದ್ರಲ್ಲ ಅಂಕಿಕೋಲು, ಅಂದ್ರೆ ಅದುಮಿಟ್ಕೋ ಅಂತ ತಾನೇ? ಅದಕ್ಕೇ ಜನ ಸಿಡಿಯೋದು.

ಅಂಕಿಕೋಲು:
ಅದುಮೋದು ಬೇರೆ, ಸುಮ್ಮನಿರೋದು ಬೇರೆ. 1993ರಲ್ಲಿ ಗ್ರಾಸ್ ಮತ್ತು ಲೆವೆನ್ಸನ್ ಅಸಹ್ಯ ಹುಟ್ಟಿಸೋ ಸಿನಿಮಾ ತುಣುಕು ತೋರಿಸಿ, ಮುಖದಲ್ಲಿ ಏನೂ ಕಾಣಬಾರದು ಅಂದರು. ಮುಖ ಶಾಂತ, ಆದರೆ ಚರ್ಮದ ಬೆವರಿನ ಪ್ರತಿಕ್ರಿಯೆ ಏರಿತ್ತು. ಅದು ಅದುಮೋದು.

ಹೊಂಗೆನೆರಳು:
ಸುಮ್ಮನೆ ಕೂರೋಕೆ ಆಗದವರಿಗೆ: ಮೂಗಿನಿಂದ ಒಂದು ಉಸಿರು, ಅದರ ಮೇಲೆ ಇನ್ನೊಂದು ಚಿಕ್ಕದು, ಆಮೇಲೆ ಬಾಯಿಂದ ಉದ್ದಕ್ಕೆ ಬಿಡೋದು. 2023ರ ಅಧ್ಯಯನದಲ್ಲಿ ದಿನಕ್ಕೆ 5 ನಿಮಿಷ, 28 ದಿನ ಮಾಡಿಸಿದ್ದರು, ಮನಸ್ಥಿತಿ ಸುಧಾರಿಸಿತ್ತು. ಜನ ಸೋಲೋದು ಎಲ್ಲಿ ಅಂದರೆ, ಥರ್ಮಾಮೀಟರಿನ 9ರಲ್ಲಿದ್ದಾಗ ಮೊದಲ ಸಲ ಮಾಡಿ “ಇದು ಕೆಲಸ ಮಾಡಲ್ಲ” ಅಂತಾರೆ. ಅಭ್ಯಾಸ ಆಗಬೇಕಾದ್ದು 2ರಲ್ಲಿದ್ದಾಗ. ತಲೆ ಸುತ್ತಿದರೆ ನಿಲ್ಲಿಸಿ.

ಸಂಜೆಮಲ್ಲಿಗೆ:
ಚಾರ್ಟಿನಲ್ಲಿ ಬೇಜಾರು ಇದ್ದೇ ಇರುತ್ತೆ. ಕೆಳಗೆ ಮೂರು ಚಿಕ್ಕ ಚಿತ್ರ ಹಾಕ್ತೀನಿ: ಹೊತ್ತು ಹೋಗ್ತಿಲ್ಲ, ಮನಸ್ಸಿಗೆ ನೋವಾಯ್ತು, ಸಾಕಾಗಿದೆ.

ಪದಕಮ್ಮಟ:
ಅಂದರೆ ತೆಗೆದ ಹಾಗೇ ಆಯ್ತು. ಧನ್ಯವಾದ.

ಸಂಜೆಮಲ್ಲಿಗೆ:
ತೆಗೆದಿಲ್ಲ ಅಂದೆ.

ಕಟ್ಟೆಮಾತು:
90 ಸೆಕೆಂಡಿಗೆ ಇನ್ನೂ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.