ಓಣಿ ಗುಂಪು: ಒಳಚರಂಡಿ ಚೇಂಬರ್ ಮತ್ತೆ ಉಕ್ಕಿದೆ, ಯಾರಾದರೂ ಎದ್ದಿದ್ದೀರಾ?

ಮೂಲೆ ಮನೆ, ರಾತ್ರಿ 2:50
ಎದ್ದವರು ಈಗಲೇ ಓದಿ, ಮಲಗಿದವರು ಎದ್ದ ಮೇಲೆ ಓದಿ. ನಮ್ಮ ಬಚ್ಚಲಿಗೆ ಓಣಿಯ ಹೊಲಸೆಲ್ಲ ವಾಪಸ್ ಬಂದಿದೆ. ಅವ್ವ ಕತ್ತಲಲ್ಲಿ ಕಾಲಿಟ್ಟು ಜಾರಿದರು. ಮೊಣಕಾಲು ಬಾತಿದೆ. ಬಯಲಿನ ಲೈಟ್ ಯುಗಾದಿಯಿಂದ ಸತ್ತಿದೆ. ಅದೇ ಚೇಂಬರ್, ಇದು ಮೂರನೇ ಮಳೆ. ತಮ್ಮ ಮನೆಗೆ ಬರೋವರೆಗೂ ಎಲ್ಲರೂ ಸುಮ್ನೆ ಇರುತ್ತೀರಿ, ಅಲ್ವಾ? ನಾಳೆ ನಾನೇ ಅದರ ಬಾಯಿಗೆ ಕಾಂಕ್ರೀಟ್ ಹಾಕುತ್ತೇನೆ. ಆಮೇಲೆ ಯಾರ ಬಚ್ಚಲಿಗೆ ಬರುತ್ತೋ ಬರಲಿ.

ಕಿರಾಣಿ ಕಾಕಾ, ಬೆಳಿಗ್ಗೆ 5:32
🌹 ಶುಭೋದಯ. ಬೂದುಗುಂಬಳ ರಸ ಕುಡಿಯಿರಿ, ಸಕ್ಕರೆ ಕಾಯಿಲೆ ಮರೆಯಿರಿ. ಹತ್ತು ಜನರಿಗೆ ಕಳಿಸಿ.

ಮೂಲೆ ಮನೆ
ಕಾಕಾ, ಮೇಲಿನದು ಓದಿದಿರಾ?

ಕಿರಾಣಿ ಕಾಕಾ
ಈಗ ಓದಿದೆ. ಅವ್ವಾರು ಹೇಗಿದ್ದಾರೆ?

ಮಹಡಿ ಮನೆ ಅಕ್ಕ
ನಮ್ಮ ಮನೆಯಲ್ಲೂ ನಿದ್ದೆ ಇಲ್ಲ. ಆ ನಾತಕ್ಕೆ ಕಿಟಕಿ ತೆಗೆಯೋ ಹಾಗಿಲ್ಲ, ತೆಗೆಯದಿದ್ದರೆ ಸೆಖೆ. ಸಂಜೆ ಕಟ್ಟೆ ಮೇಲೆ ಕೂರೋದು ಬಿಟ್ಟು ಎಷ್ಟು ತಿಂಗಳಾಯ್ತು ನೋಡಿ. ಮಕ್ಕಳನ್ನೂ ಬಯಲಿಗೆ ಬಿಡಲ್ಲ, ಮೊಬೈಲ್ ಕೊಟ್ಟು ಕೂರಿಸುತ್ತೇನೆ.

ಮಾಸ್ತರು (ನಿವೃತ್ತ)
ಇದಕ್ಕೆಲ್ಲ ಮೂಲ ಮುಳುಗಡೆ. ನಾನು ಮೊದಲಿನಿಂದ ಹೇಳುತ್ತಾ ಬಂದಿದ್ದೇನೆ, ಯಾರೂ ಕೇಳುವುದಿಲ್ಲ. ಹಳೇ ಊರಿನಲ್ಲಿ ನಮ್ಮ ಮನೆಯ ಗೋಡೆ ಒಂದೂವರೆ ಮೊಳ ದಪ್ಪ. ಬೇಸಿಗೆಯಲ್ಲೂ ಪಡಸಾಲೆ ತಣ್ಣಗೆ. ಆಲಮಟ್ಟಿ ಅಣೆಕಟ್ಟಿನ ನೀರು ಬಂತು, ಪರಿಹಾರ ಕೊಟ್ಟರು, ಬಾಗಲಕೋಟೆಯ ಈ ನವನಗರಕ್ಕೆ ಕಳಿಸಿದರು. ನಕ್ಷೆ ಹಾಕಿದ್ದು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ, ಸಣ್ಣ ಆಸಾಮಿ ಅಲ್ಲ. ಮನೆಗಳ ನಡುವೆ ಬಯಲು ಬಿಟ್ಟಿದ್ದಾರೆ, ಜನ ಕೂರಲಿ ಎಂದು. ನಾವು ಏನು ಮಾಡಿದೆವು? ಕಸ ಹಾಕಿದೆವು. ಈಗ ಅಣೆಕಟ್ಟು 519.60 ರಿಂದ 524.256 ಮೀಟರ್‌ಗೆ ಏರಿದರೆ ಇನ್ನೂ ಎಷ್ಟು ಊರು

ಮಾಸ್ತರು (ನಿವೃತ್ತ)
ಕೈ ತಾಗಿ ಹೋಯ್ತು. ಮುಂದುವರಿಯುತ್ತದೆ.

ಬ್ಯಾಂಕ್ ಸರ್
ಮಾಸ್ತರ್ರೇ, ಚೇಂಬರ್ ಬಗ್ಗೆ.

ಮಾಸ್ತರು (ನಿವೃತ್ತ)
ಅದನ್ನೇ ಹೇಳುತ್ತಿದ್ದೇನೆ.

ಡಿಪ್ಲೊಮಾ ತಮ್ಮ
ಒಂದು ಲೆಕ್ಕ ಹೇಳಲಾ? ಬೈಬೇಡಿ. ನಿನ್ನೆ ರಾತ್ರಿ ಆ ಚೇಂಬರಿನಿಂದ ಉಕ್ಕಿದ್ದರಲ್ಲಿ ಜಾಸ್ತಿ ಮಳೆ ನೀರು. ಮಾಳಿಗೆ ಪೈಪನ್ನು ಒಳಚರಂಡಿಗೆ ಕೊಟ್ಟಿದ್ದೇವೆ. 30 ಬೈ 40 ಸೈಟಿನ ಮಾಳಿಗೆ ಅಂದರೆ ಸುಮಾರು 111 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಇಪ್ಪತ್ತು ಮಿಲಿಮೀಟರ್ ಬಿದ್ದರೆ ಒಂದೇ ಮನೆಯಿಂದ 2,200 ಲೀಟರ್. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೂ ಐದು ಜನರ ಮನೆಗೆ ಇಡೀ ದಿನಕ್ಕೆ 675. ಮೂರು ದಿನದ ನೀರು ಅರ್ಧ ಗಂಟೆಯಲ್ಲಿ ಬಂದರೆ ಆ ಪೈಪ್ ಏನು ಮಾಡಬೇಕು? ತಗ್ಗಿನಲ್ಲಿ ಯಾರಿದ್ದಾರೋ ಅವರ ಬಚ್ಚಲಲ್ಲಿ ಏಳುತ್ತೆ. ಮಾಳಿಗೆ ನೀರು ರಸ್ತೆ ಬದಿಯ ಗಟಾರಕ್ಕೆ ಹೋಗಬೇಕು, ಇಲ್ಲ ಮನೆಯ ನೀರಿನ ಸಂಪ್‌ಗೆ.

ಮೂಲೆ ಮನೆ
ಯಾರ್ಯಾರದು ಕೊಟ್ಟಿದೆ? ಹೆಸರು ಹೇಳು.

ಡಿಪ್ಲೊಮಾ ತಮ್ಮ
ನಾನು ಬೆಳಿಗ್ಗೆ ಸುತ್ತಿ ನೋಡಿದೆ. ಒಂಬತ್ತು ಮನೆ. ನಮ್ಮದೂ ಸೇರಿ.

ಮಹಡಿ ಮನೆ ಅಕ್ಕ
ನಮ್ಮದಲ್ಲ.

ಬ್ಯಾಂಕ್ ಸರ್
ಅಕ್ಕಾರೇ, ನಿಮ್ಮ ಹಿಂದಿನ ಪೈಪ್ ನನಗೆ ನಮ್ಮ ಅಡುಗೆಮನೆಯಿಂದ ಕಾಣುತ್ತೆ.

ಮಹಡಿ ಮನೆ ಅಕ್ಕ
ಅಡುಗೆಮನೆಯಿಂದ ನಮ್ಮ ಹಿತ್ತಲು ನೋಡೋ ಕೆಲಸ ಯಾಕೆ ನಿಮಗೆ? ನಿಮ್ಮ ಬಾಡಿಗೆಯವರು ಅನ್ನ, ಸಾರು ಎಲ್ಲ ಚೇಂಬರಿಗೆ ಸುರಿಯುತ್ತಾರೆ, ಅದನ್ನೂ ನೋಡಿ.

ಕಿರಾಣಿ ಕಾಕಾ
😂😂 ಹೆಂಡತಿ: ರೀ, ಮಳೆ ಬಂತು. ಗಂಡ: ಛತ್ರಿ ಕೊಡು. ಹೆಂಡತಿ: ಮನೆಯೊಳಗೆ ಬಂತು!

ಮೂಲೆ ಮನೆ
ಕಾಕಾ 🙏

ಡಿಪ್ಲೊಮಾ ತಮ್ಮ
ಮಾಸ್ತರ್ರೇ, ತಪ್ಪು ತಿಳಿಯಬೇಡಿ. ಎಲ್ಲಕ್ಕಿಂತ ದಪ್ಪ ಪೈಪ್ ನಿಮ್ಮದೇ.

ಮಾಸ್ತರು (ನಿವೃತ್ತ)
ಅದು ಪ್ಲಂಬರ್ ಮಾಡಿದ್ದು. ನನ್ನನ್ನು ಕೇಳಿ ಮಾಡಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪೌರನೀತಿ ಕಲಿಸಿದವನು ನಾನು.

ಬ್ಯಾಂಕ್ ಸರ್
ಈಗ ಪರಿಚಯದ ಒಬ್ಬನನ್ನು ಕರೆಸಿ ಇಳಿಸೋಣ. ಐನೂರು ಕೊಟ್ಟರೆ ಕಟ್ಟಿದ್ದು ತೆಗೆಯುತ್ತಾನೆ.

ನರ್ಸ್ ಅಕ್ಕ
ಇಳಿಸಬೇಡಿ ಸರ್. ಒಳಗಿನ ಗ್ಯಾಸಿಗೆ ನಿಮಿಷದಲ್ಲಿ ಜೀವ ಹೋಗುತ್ತೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013 ರ ಕಾಯ್ದೆಯಲ್ಲಿ ಅದು ಅಪರಾಧ ಕೂಡ. ಮಷಿನ್ ಗಾಡಿಯನ್ನೇ ಕರೆಸಬೇಕು. ಮತ್ತೆ ಡೆಂಗಿ ಅಂತ ಎಲ್ಲರೂ ಗಟಾರ ತೋರಿಸುತ್ತೀರಲ್ಲ, ಆ ಸೊಳ್ಳೆ ಹುಟ್ಟೋದು ನಿಮ್ಮ ಬ್ಯಾರಲ್ಲಿನ ಚೊಕ್ಕ ನೀರಿನಲ್ಲಿ. ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ.

ಮಹಡಿ ಮನೆ ಅಕ್ಕ
ನೀರು ಬಿಡೋದು ಯಾವಾಗ ಅಂತಲೇ ಗೊತ್ತಿಲ್ಲ, ಬ್ಯಾರಲ್ ಖಾಲಿ ಮಾಡಿ ಕುಡಿಯೋದೇನು?

ಮೂಲೆ ಮನೆ
ಅರ್ಜಿ ಬರೆದಿದ್ದೇನೆ. ಮಷಿನ್ ಗಾಡಿ, ಬಯಲಿನ ಲೈಟ್, ಎರಡೇ ಮಾತು. ಒಂಬತ್ತು ಪೈಪ್ ನಾವೇ ತಿರುಗಿಸಿಕೊಳ್ಳೋಣ, ಮನೆಗೆ ಎರಡು ಉದ್ದ ಪೈಪ್, ಒಂದು ಬೆಂಡ್, ಅಷ್ಟೇ ಖರ್ಚು. ಸಂಜೆ ಆರಕ್ಕೆ ನಮ್ಮ ಮನೆಗೆ ಬಂದು ಸಹಿ ಹಾಕಿ. ಚಹಾ ಇದೆ.

ಮಾಸ್ತರು (ನಿವೃತ್ತ)
ಅರ್ಜಿಯ ಒಕ್ಕಣೆ ನನಗೆ ತೋರಿಸದೆ ಕೊಡಬೇಡಿ. "ಮಾನ್ಯರೆ" ಅಲ್ಲ, "ಮಾನ್ಯರೇ".

ಮೂಲೆ ಮನೆ, ರಾತ್ರಿ 8:10
ಮೂರು ಸಹಿ ಬಂದಿವೆ. ಅದರಲ್ಲಿ ಒಂದು ಅವ್ವನದು.

ಕಿರಾಣಿ ಕಾಕಾ
ಅಂಗಡಿ ಬಿಟ್ಟು ಬರಲಾಗಲಿಲ್ಲ. ಅಂದಹಾಗೆ ಗಣಪತಿಗೆ ಹನ್ನೆರಡು ದಿನ ಉಳಿದಿದೆ. ಪೆಂಡಾಲಿನವನು ಮುಂಗಡ ಕೇಳುತ್ತಿದ್ದಾನೆ. ಪಟ್ಟಿ ಶುರು ಮಾಡೋಣವಾ? ನನ್ನದು 501.

ಬ್ಯಾಂಕ್ ಸರ್
1,001.

ಮಹಡಿ ಮನೆ ಅಕ್ಕ
ನಮ್ಮದೂ 1,001. ಒಂದು ದಿನದ ಪ್ರಸಾದವೂ ನಮ್ಮದೇ.

ಮಾಸ್ತರು (ನಿವೃತ್ತ)
1,101. ಆದರೆ ಡಿಜೆ ಬೇಡ. ಹಲಗೆ ಬಾರಿಸಲಿ, ಬಾಗಲಕೋಟೆಯವರು ನಾವು.

ಡಿಪ್ಲೊಮಾ ತಮ್ಮ
ಪೆಂಡಾಲ್ ಎಲ್ಲಿ ಹಾಕೋದು? ಬಯಲಿನ ನಡುವೆ ಚೇಂಬರ್ ಇದೆಯಲ್ಲ.

ಕಿರಾಣಿ ಕಾಕಾ
ಅದರ ಮೇಲೆ ಹಲಗೆ ಹಾಸಿ ಜಮಖಾನ ಹಾಕಿದರಾಯ್ತು. ಪೆಂಡಾಲಿನವನೇ ಲೈಟ್ ಎಳೆಯುತ್ತಾನೆ, ಐದು ದಿನ ಬೆಳಕಿನ ಚಿಂತೆಯೂ ಇಲ್ಲ.

ಬ್ಯಾಂಕ್ ಸರ್
👍

ಮಹಡಿ ಮನೆ ಅಕ್ಕ
👍👍

ಮೂಲೆ ಮನೆ, ರಾತ್ರಿ 11:45
ಮೋಡ ಹಾಕಿದೆ. ಯಾರ ಮನೆಯಲ್ಲಾದರೂ ಎರಡನೇ ಬಕೆಟ್ ಇದ್ದರೆ ಕೊಡುತ್ತೀರಾ?